ವೂಸ್ಟರಿಗೆ ಹದಿನೇಳು ಮೈಲಿ

ಕ್ಲಿಫರ್ಡ್‌ಗೆ ಬಾಯಿಬಿಟ್ಟು ಕೇಳುವ ಅಭ್ಯಾಸವಿಲ್ಲ, ನನಗೆ ಹೇಳುವ ಧೈರ್ಯವಿಲ್ಲ. ಇಂಥ ಇಬ್ಬರು ಸೇರಿ ಇಡೀ ಒಂದು ಚಳಿಗಾಲ ಸೆವರ್ನ್ ನದಿಯ ದಂಡೆಯ ಮೇಲೆ ಪ್ರತಿ ಶನಿವಾರ ನಡೆದೆವು. ಮಳೆಯ ಬಗ್ಗೆ ಮಾತಾಡಿದೆವು, ಬೂಟಿನ ಬಗ್ಗೆ ಮಾತಾಡಿದೆವು, ಮೊಟ್ಟೆಯ ಸ್ಯಾಂಡ್‌ವಿಚ್‌ಗೆ ಸಾಸಿವೆ ಹಾಕಬೇಕೋ ಬೇಡವೋ ಎಂಬುದರ ಬಗ್ಗೆ ಒಂದು ಸಲ ಆರು ಮೈಲಿ ಜಗಳವಾಡಿದೆವು.

ಅವನು ನನ್ನ ತಂಗಿ ರೋಸಲಿಂಡ್‌ಳ ಗಂಡ. ಬರುವ ಫೆಬ್ರವರಿಗೆ ಅವಳು ತೀರಿಕೊಂಡು ಒಂದು ವರ್ಷ. ಅವಳು ಕೊನೆಯ ದಿನಗಳನ್ನು ಕಳೆದ ಆರೈಕೆಮನೆಯವರು ಪ್ರತಿ ಮೇ ತಿಂಗಳಲ್ಲಿ ಒಂದು ನಡಿಗೆ ಏರ್ಪಡಿಸುತ್ತಾರೆ. ಒಂದು ಹಗಲು ಒಂದು ರಾತ್ರಿ, ನದಿಯುದ್ದಕ್ಕೂ ಅರವತ್ತು ಮೈಲಿ. ನಡೆಯುವವರ ಹೆಸರಿನಲ್ಲಿ ನೆಂಟರು, ನೆರೆಹೊರೆಯವರು ಕೈಲಾದಷ್ಟು ದೇಣಿಗೆ ಕೊಡುತ್ತಾರೆ. ಸಾಯುವವರ ಕೋಣೆ ಬೆಚ್ಚಗಿರಬೇಕಾದರೆ ಬದುಕಿರುವವರು ಕಾಲು ಸವೆಸಬೇಕು. ನಮ್ಮ ದೇಶದಲ್ಲಿ ಇದಕ್ಕೆ ಸೇವೆ ಎಂದು ಹೆಸರು.

ಸೆಪ್ಟೆಂಬರಿನಲ್ಲಿ ಅವನು ಹೆಸರು ಕೊಟ್ಟ, ಅವನ ಹಿಂದೆಯೇ ನಾನೂ ಕೊಟ್ಟೆ. ಇಪ್ಪತ್ತೆಂಟು ವರ್ಷ ಶಾಲೆಯ ಕಚೇರಿಯಲ್ಲಿ ಕುರ್ಚಿ ಬಿಸಿ ಮಾಡಿ ನಿವೃತ್ತಳಾದ, ಅರವತ್ತೇಳರ ಹೆಂಗಸು ನಾನು. ಪಕ್ಕದ ಮನೆಯವರು ನಕ್ಕರು. ನಗಲಿ. ನನಗೆ ಅವನ ಜೊತೆ ಇರಬೇಕಿತ್ತು. ಅವನಿಗೆ ಹೇಳಬೇಕಾದ ಒಂದು ಮಾತು ನನ್ನಲ್ಲಿತ್ತು. ನಡೆಯುತ್ತಾ ನಡೆಯುತ್ತಾ ಯಾವುದೋ ಒಂದು ತಿರುವಿನಲ್ಲಿ ಅದು ತಾನಾಗಿ ಬಾಯಿಂದ ಹೊರಬೀಳುತ್ತದೆ ಎಂದುಕೊಂಡಿದ್ದೆ. ನಾಲ್ಕು ತಿಂಗಳಾದರೂ ಬಿದ್ದಿರಲಿಲ್ಲ.

ಆ ಮಾತು ಇಷ್ಟು. ಹೋದ ಫೆಬ್ರವರಿಯ ಒಂದು ಶನಿವಾರ, ಮಧ್ಯಾಹ್ನ ಹನ್ನೆರಡಕ್ಕೆ, ಮೂರು ರಾತ್ರಿ ಕುರ್ಚಿಯಲ್ಲೇ ಕಳೆದಿದ್ದ ಕ್ಲಿಫರ್ಡ್‌ನನ್ನು ನಾನು ಮನೆಗೆ ಕಳಿಸಿದೆ. ಏನಾದರೂ ತಿಂದು ಸ್ವಲ್ಪ ಮಲಗು, ಹೆಚ್ಚುಕಡಿಮೆಯಾದರೆ ಫೋನ್ ಮಾಡುತ್ತೇನೆ ಎಂದೆ. ಹೇಳಿದ ಮಾತು ಕೇಳುವ ಮನುಷ್ಯ, ಕೋಟು ಹಾಕಿಕೊಂಡು ಹೋದ. ಅವನು ಹೋದ ಮೇಲೆ ರೋಸಲಿಂಡ್ ಕಣ್ಣುಬಿಟ್ಟು, ಕ್ಲಿಫರ್ಡ್ ಎಲ್ಲಿ ಎಂದಳು. ಬರುತ್ತಿದ್ದಾನೆ ಎಂದೆ. ಆಮೇಲೂ ಎರಡು ಸಲ ಕೇಳಿದಳು. ಎರಡು ಸಲವೂ ಬರುತ್ತಿದ್ದಾನೆ ಎಂದೆ. ಗಂಡನಿಗೆ ತಿಳಿಸಿದ್ದೀರಾ ಎಂದು ನರ್ಸ್ ಕೇಳಿದಾಗ, ತಿಳಿಸಿದ್ದೇನೆ ಎಂದೆ. ಫೋನ್ ನನ್ನ ಮಡಿಲಲ್ಲೇ ಇತ್ತು. ನಾನು ಮಾಡಲಿಲ್ಲ. ನಾಲ್ಕು ಇಪ್ಪತ್ತಕ್ಕೆ ಅವಳು ಹೋದಳು. ನಾಲ್ಕೂವರೆಗೆ ಫೋನ್ ಮಾಡಿ, ಎಷ್ಟು ಸಲ ಮಾಡಿದೆ, ನೀನು ಎತ್ತಲೇ ಇಲ್ಲವಲ್ಲ ಎಂದು ಅತ್ತೆ.

ಯಾಕೆ ಮಾಡಲಿಲ್ಲ ಎಂದರೆ, ಅಮ್ಮ ಸತ್ತಾಗ ರೋಸಲಿಂಡ್‌ಗೆ ಏಳು ವರ್ಷ, ನನಗೆ ಹದಿನಾರು. ಅವಳ ತಲೆ ಬಾಚಿ, ಬೂಟಿನ ದಾರ ಕಟ್ಟಿ ಶಾಲೆಗೆ ಕಳಿಸಿದವಳು ನಾನು. ಅವಳ ಇಪ್ಪತ್ತಮೂರಕ್ಕೆ ಒಬ್ಬ ಬಸ್ ಡ್ರೈವರ್ ಬಂದು ಕರೆದುಕೊಂಡು ಹೋದ, ಮೂವತ್ತನಾಲ್ಕು ವರ್ಷ ಇಟ್ಟುಕೊಂಡ. ಕೊನೆಯ ಒಂದು ಮಧ್ಯಾಹ್ನ ನನಗೆ ಬೇಕಿತ್ತು. ಹೊಟ್ಟೆಕಿಚ್ಚು ಎನ್ನಿ. ಬೇರೆ ಹೆಸರು ನನಗೂ ಗೊತ್ತಿಲ್ಲ.

ಕ್ಲಿಫರ್ಡ್ ಆವತ್ತು ನನಗೆ ಒಂದು ಮಾತೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಫೋನನ್ನು ಕಿಟಕಿಯ ಹತ್ತಿರ ಇಟ್ಟುಕೊಳ್ಳಬೇಕಿತ್ತು, ತಪ್ಪು ನನ್ನದೇ ಎಂದ. ಮಣ್ಣಿಗೆ ಬಂದವರಿಗೆಲ್ಲ ಅದನ್ನೇ ಹೇಳಿದ. ಆಮೇಲೆ ಚರ್ಚಿನಲ್ಲಿ, ಅಂಗಡಿಯಲ್ಲಿ, ದೇಣಿಗೆ ಕೇಳಲು ಹೋದ ಮನೆಗಳ ಬಾಗಿಲಲ್ಲಿ ಎಲ್ಲೆಲ್ಲೂ ಅದೇ. ಪಾಪ ಎನ್ನುತ್ತಿದ್ದರು ಜನ. ನಾನು ಪಕ್ಕದಲ್ಲಿ ನಿಂತು ನನ್ನ ಬೂಟು ನೋಡಿಕೊಳ್ಳುತ್ತಿದ್ದೆ.

ಜನವರಿಯ ಆ ಶನಿವಾರ ಟ್ಯೂಕ್ಸ್‌ಬರಿಯಿಂದ ವೂಸ್ಟರಿನವರೆಗೆ ನಡೆಯುವುದೆಂದು ನಿಶ್ಚಯವಾಗಿತ್ತು. ಹದಿನೇಳು ಮೈಲಿ. ಅಲ್ಲಿಯವರೆಗೆ ಅಷ್ಟು ದೂರ ನಡೆದಿರಲಿಲ್ಲ. ಹಿಂದಿನ ಸಂಜೆಯೇ ಅವನ ಕಾರನ್ನು ವೂಸ್ಟರಿನ ನದಿದಂಡೆಯಲ್ಲಿ ಬಿಟ್ಟು ಬಂದಿದ್ದೆವು. ಬೆಳಿಗ್ಗೆ ನನ್ನ ಕಾರಿನಲ್ಲಿ ಟ್ಯೂಕ್ಸ್‌ಬರಿಗೆ ಹೋಗುವುದು, ನಡಿಗೆ ಮುಗಿದ ಮೇಲೆ ಅವನ ಕಾರಿನಲ್ಲಿ ನನ್ನನ್ನು ನನ್ನ ಕಾರಿನ ಹತ್ತಿರ ಬಿಡುವುದು. ಒಂದೇ ದಿಕ್ಕಿಗೆ ನಡೆಯುವವರೆಲ್ಲ ಹೀಗೇ ಮಾಡುತ್ತಾರೆ. ಇದರಲ್ಲಿ ಒಂದೇ ತೊಂದರೆ, ಒಮ್ಮೆ ಹೊರಟ ಮೇಲೆ ಮುನಿಸಿಕೊಂಡು ನಡುದಾರಿಯಲ್ಲಿ ಮನೆಗೆ ಹೋಗುವಂತಿಲ್ಲ.

ಎಂಟಕ್ಕೆ ಹೊರಡುವುದೆಂದರೆ ಅವನಿಗೆ ಎಂಟೇ. ಐದು ನಿಮಿಷ ಮುಂಚೆ ಸಿದ್ಧರಾಗಿದ್ದರೂ ಗಡಿಯಾರ ನೋಡುತ್ತಾ ಗೇಟಿನ ಹತ್ತಿರ ನಿಂತ. ಕ್ರಿಸ್‌ಮಸ್ ಹೊತ್ತಿಗೆ ನದಿ ಉಕ್ಕಿ ಎರಡೂ ಕಡೆಯ ಹುಲ್ಲುಗಾವಲುಗಳನ್ನು ನುಂಗಿ, ಆಗಷ್ಟೇ ಇಳಿದಿತ್ತು. ಇಳಿದ ಮೇಲೆ ಬಿದ್ದ ಹಿಮದಲ್ಲಿ ಕೆಸರು ಮೇಲೆ ಮಾತ್ರ ಗಟ್ಟಿಯಾಗಿತ್ತು. ಹೆಜ್ಜೆ ಇಟ್ಟರೆ ಮೇಲಿನ ಪದರ ಒಡೆದು ಕಾಲು ಪಾದದ ಗಂಟಿನವರೆಗೆ ಹೂತುಹೋಗುತ್ತಿತ್ತು. ಬೇಲಿಗಳಲ್ಲಿ ನನ್ನ ತಲೆಯ ಎತ್ತರಕ್ಕೆ ಹುಲ್ಲು, ಪ್ಲಾಸ್ಟಿಕ್ ಚೀಲ, ಯಾರದೋ ಮಗುವಿನ ಒಂದು ಚಪ್ಪಲಿ ಸಿಕ್ಕಿಕೊಂಡಿದ್ದವು. ಒಂದು ಕಡೆ ಮುಳ್ಳುಪೊದೆಯಲ್ಲಿ ಸತ್ತ ಕುರಿ ನೇತಾಡುತ್ತಿತ್ತು. ಅದರ ಕಣ್ಣನ್ನು ಕಾಗೆಗಳು ಮುಗಿಸಿದ್ದವು.

"ಇವತ್ತು ಊಟಕ್ಕೆ ಏನು ತಂದಿದ್ದೀಯ?" ಎಂದು ಕೇಳಿದ ಕ್ಲಿಫರ್ಡ್, ಕುರಿಯನ್ನು ನೋಡುತ್ತಾ.

"ನೋಡಿದ್ರೆ ಗೊತ್ತಾಗಲ್ವಾ, ಕುರಿಮಾಂಸ," ಎಂದೆ. ಅವನು ನಕ್ಕ. ಅವನನ್ನು ನಗಿಸುವುದು ಸುಲಭ. ನಗಿಸಿದಾಗೆಲ್ಲ ನನಗೆ ನನ್ನ ಮೇಲೆ ಸಿಟ್ಟು ಬರುತ್ತಿತ್ತು.

ಮೂರನೆಯ ಮೈಲಿಯಲ್ಲಿ ನನ್ನ ಎಡ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಅವನು ಒಂದು ಮರದ ಬೊಡ್ಡೆಯ ಮೇಲೆ ನನ್ನನ್ನು ಕೂರಿಸಿ, ಮಂಡಿಯೂರಿ ಕೂತು, ಕಾಲುಚೀಲ ತೆಗೆದು ಪಟ್ಟಿ ಹಚ್ಚಿದ. ಬಸ್ಸಿನ ಸ್ಟೀರಿಂಗ್ ಹಿಡಿದು ದಪ್ಪವಾದ ಬೆರಳುಗಳು, ಆದರೂ ನೋವಾಗಲಿಲ್ಲ. ರೋಸಲಿಂಡ್‌ಳ ಕಾಲಿಗೆ ಎಣ್ಣೆ ಹಚ್ಚಿ ಹಚ್ಚಿ ಅವನಿಗೆ ಈ ಕೆಲಸ ರೂಢಿಯಾಗಿತ್ತು. ಆಗಲೇ ಹೇಳಬಹುದಿತ್ತು. ಅವನ ಬೋಳುತಲೆ ನನ್ನ ಮಂಡಿಯ ಹತ್ತಿರವೇ ಇತ್ತು. ಥ್ಯಾಂಕ್ಸ್ ಎಂದೆ, ಬೂಟು ಹಾಕಿಕೊಂಡೆ.

ಅಲ್ಲಿಂದ ಮುಂದೆ ನಾಯಿ ತಿರುಗಾಡಿಸುತ್ತಿದ್ದ ಒಬ್ಬ ಹೆಂಗಸು ಎದುರಾದಳು. ನಮ್ಮ ಬೆನ್ನಚೀಲಗಳನ್ನು ನೋಡಿ ಎಲ್ಲಿಗೆ ಎಂದು ಕೇಳಿದಳು. ಕ್ಲಿಫರ್ಡ್ ಟೋಪಿ ತೆಗೆದು, ಮೇ ತಿಂಗಳ ನಡಿಗೆಯ ಬಗ್ಗೆ ಹೇಳಿದ. ಯಾರ ನೆನಪಿಗೆ ಎಂದು ಅವಳು ಕೇಳಿದಳು. ಹೆಂಡತಿ ಎಂದ. ಅಷ್ಟಕ್ಕೆ ನಿಲ್ಲಿಸಬಾರದೇ? ಇಲ್ಲ. ತಾನು ಮನೆಯಲ್ಲಿ ಮಲಗಿದ್ದದ್ದು, ಅತ್ತಿಗೆ ಪಾಪ ಮತ್ತೆ ಮತ್ತೆ ಫೋನ್ ಮಾಡಿದ್ದು, ಸಿಗ್ನಲ್ ಇಲ್ಲದ್ದು, ಎಲ್ಲ ಹೇಳಿದ. ಈ ಫೋನುಗಳನ್ನು ನಂಬುವ ಹಾಗಿಲ್ಲ ಎಂದು ಅವಳು ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ತೋಳು ಹಿಡಿದು, ನಿಮಗೆ ಎಷ್ಟು ಕಷ್ಟವಾಗಿರಬೇಕು ಎಂದಳು. ಅವಳ ನಾಯಿ ನನ್ನ ಬೂಟು ಮೂಸುತ್ತಿತ್ತು. ನಾನು ನಾಯಿಯ ತಲೆ ಸವರಿದೆ.

ಹನ್ನೊಂದೂವರೆಗೆ ಅಪ್ಟನ್ ತಲುಪಿದೆವು. ನದಿಯ ಮುಂದಿನ ಪಬ್ಬುಗಳ ಬಾಗಿಲಲ್ಲಿ ಇನ್ನೂ ಮರಳಿನ ಚೀಲಗಳಿದ್ದವು, ಒಳಗಿನ ಜಮಖಾನೆಗಳನ್ನು ಹೊರಗೆ ಎಸೆದಿದ್ದರು. ಯಾವುದೂ ತೆರೆದಿರಲಿಲ್ಲ. ನೀರಿನ ಕಡೆ ಮುಖ ಮಾಡಿದ ಒಂದು ಬೆಂಚಿನ ಮೇಲೆ ಕೂತೆವು. ಯಾರೋ ಸತ್ತವರ ಹೆಸರಿನ ಹಿತ್ತಾಳೆ ಪಟ್ಟಿ ನನ್ನ ಬೆನ್ನಿಗೆ ಒತ್ತುತ್ತಿತ್ತು. ಕ್ಲಿಫರ್ಡ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟು, ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟ ಒಂದು ಕಾಗದ ತೆಗೆದ.

ಆರೈಕೆಮನೆಯವರು ಒಂದು ಪುಟ್ಟ ಪುಸ್ತಿಕೆ ಮಾಡುತ್ತಿದ್ದಾರಂತೆ. ಇನ್ನು ಮುಂದೆ ಅಲ್ಲಿಗೆ ಬರುವ ಪ್ರತಿ ಕುಟುಂಬಕ್ಕೂ ಅದನ್ನು ಕೊಡುತ್ತಾರಂತೆ. ಅದರಲ್ಲಿ ಕ್ಲಿಫರ್ಡ್‌ನ ಫೋಟೋ ಹಾಕಿ ಅವನ ಅನುಭವ ಬರೆಯುತ್ತಾರೆ. ಸೋಮವಾರ ಕಳಿಸಬೇಕು ಎಂದ.

"ನೀನು ಕಚೇರಿಯಲ್ಲಿದ್ದವಳು. ಕಾಗುಣಿತ ಒಂದು ನೋಡಿಬಿಡ್ತೀಯಾ?"

ಒಂದೇ ಪುಟ. ಮೊದಲರ್ಧ ಅಲ್ಲಿಯ ನರ್ಸ್‌ಗಳ ಹೊಗಳಿಕೆ. ಆಮೇಲೆ ಹೀಗಿತ್ತು: ಕೊನೆಯ ಗಳಿಗೆಯಲ್ಲಿ ನಾನು ನನ್ನ ಹೆಂಡತಿಯ ಹತ್ತಿರ ಇರಲಿಲ್ಲ. ಅದಕ್ಕೆ ನನ್ನ ಅಜಾಗರೂಕತೆಯೇ ಕಾರಣ. ಅವಳ ಅಕ್ಕ ನನ್ನನ್ನು ಕರೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದಳು. ನಿಮ್ಮ ಫೋನ್ ಸದಾ ಕೈಗೆ ಸಿಗುವಂತಿರಲಿ, ನನ್ನ ಹಾಗೆ ಮಾಡಬೇಡಿ.

ಎರಡು ಸಲ ಓದಿದೆ. ಚಹಾ ಆರುತ್ತಿತ್ತು. ಅವನು ನದಿಯನ್ನು ನೋಡುತ್ತಿದ್ದ, ಆದರೆ ಕಿವಿ ನನ್ನ ಕಡೆಗಿತ್ತು. ಇದು ಅಚ್ಚಾಗಿಬಿಟ್ಟರೆ ಮುಗಿಯಿತು, ಈ ಮನುಷ್ಯ ಸಾಯುವವರೆಗೆ, ಸತ್ತ ಮೇಲೂ, ಹೆಂಡತಿಯ ಸಾವಿನ ಹೊತ್ತಿಗೆ ನಿದ್ದೆ ಹೊಡೆದವನಾಗಿಯೇ ಉಳಿಯುತ್ತಾನೆ. ನಾನು ಮಾಡಬೇಕಾದ್ದನ್ನೆಲ್ಲ ಮಾಡಿದವಳಾಗಿ ಉಳಿಯುತ್ತೇನೆ. ಬಾಯಿ ತೆರೆದೆ. ಚೀಲದಿಂದ ಪೆನ್ಸಿಲ್ ತೆಗೆದು, ಒಂದು ಅಲ್ಪವಿರಾಮ ಹಾಕಿದೆ. ಇನ್ನೊಂದು ಕಡೆ ಎರಡು ವಾಕ್ಯಗಳನ್ನು ಸೇರಿಸಿ ಒಂದು ಮಾಡಿದೆ. ಚೆನ್ನಾಗಿದೆ ಎಂದು ಕಾಗದ ವಾಪಸ್ ಕೊಟ್ಟೆ.

"ಬೇರೇನೂ ಇಲ್ವಾ?" ಎಂದ.

"ಇಲ್ಲ."

ಸರಿ ಎಂದು ಅವನು ಅದನ್ನು ಪ್ಲಾಸ್ಟಿಕ್ ಹಾಳೆಯೊಳಗೆ ತೂರಿಸಿ ಚೀಲಕ್ಕೆ ಹಾಕಿಕೊಂಡ. ಸ್ಯಾಂಡ್‌ವಿಚ್ ತಿಂದೆವು. ಸಾಸಿವೆ ಹಾಕಿದ್ದೆ. ಅವನು ಅದರ ಬಗ್ಗೆ ಏನೂ ಹೇಳಲಿಲ್ಲ.

ಅಪ್ಟನ್ ದಾಟಿದ ಮೇಲೆ ಮಂಜು ಇಳಿಯಿತು. ಆಚೆ ದಡ ಕಾಣದಾಯಿತು, ಆಮೇಲೆ ನದಿಯೂ ಕಾಣದೆ ಬರಿಯ ಅದರ ಸದ್ದು ಉಳಿಯಿತು. ಚಳಿಗಾಲಕ್ಕೆ ಮುಚ್ಚಿದ್ದ ಕ್ಯಾರವಾನ್ ಬಿಡಾರ ಒಂದರ ಪಕ್ಕ ಹಾದುಹೋದೆವು. ಕ್ಲಿಫರ್ಡ್ ನನಗಿಂತ ಹತ್ತು ಹೆಜ್ಜೆ ಮುಂದಿದ್ದ. ಸಾಮಾನ್ಯವಾಗಿ ಅವನು ಹಾಗೆ ಮುಂದೆ ಹೋಗುವವನಲ್ಲ. ನನ್ನ ಹಿಮ್ಮಡಿ ಹಸಿಯಾಗಿ ಉರಿಯುತ್ತಿತ್ತು, ಮೂಗಿನಿಂದ ನೀರು ಸುರಿಯುತ್ತಿತ್ತು. ಒಂದೊಂದು ಗೇಟು ಬಂದಾಗಲೂ ಇಲ್ಲಿ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಒಂಬತ್ತು ಗೇಟು ದಾಟಿದೆವು. ನನ್ನಂಥ ಹೇಡಿಯನ್ನು ನಾನು ಕಂಡಿಲ್ಲ. ಶಾಲೆಯಲ್ಲಿ ಹೆಡ್‌ಮಾಸ್ಟರಿಗೇ ದಬಾಯಿಸುತ್ತಿದ್ದ ಬಾಯಿ ಇದು.

ಕೆಂಪ್ಸಿ ಹಳ್ಳಿಗೆ ಇನ್ನೊಂದು ಮೈಲಿ ಇರುವಾಗ ದಾರಿಯೇ ಮುಳುಗಿತ್ತು. ತಗ್ಗಿನಲ್ಲಿ ನಿಂತ ನೀರಿನ ಮೇಲೆ ತೆಳ್ಳಗೆ ಐಸ್ ಕಟ್ಟಿತ್ತು. ಬೇಲಿ ದಾಟಿ ಯಾರದೋ ಹೊಲದ ಮೇಲ್ಭಾಗದಿಂದ ಸುತ್ತಿ ಹೋಗದೆ ಬೇರೆ ದಾರಿಯಿರಲಿಲ್ಲ. ಮುಳ್ಳುತಂತಿ. ಕ್ಲಿಫರ್ಡ್ ಮೊದಲು ದಾಟಿ, ಕೆಳಗಿನ ತಂತಿಯನ್ನು ಬೂಟಿನಿಂದ ಮೆಟ್ಟಿ, ಮೇಲಿನದನ್ನು ಎರಡೂ ಕೈಯಿಂದ ಎತ್ತಿ ಹಿಡಿದ. ನಾನು ಬಗ್ಗಿ ನಡುವೆ ನುಸುಳಿದೆ. ಅರ್ಧ ದಾಟಿದ್ದಾಗ ಕೋಟು ಸಿಕ್ಕಿಕೊಂಡಿತು. ಮುಖ ಕೆಸರಿನ ಕಡೆ, ಅವನ ಬೂಟು ಮಾತ್ರ ಕಾಣುತ್ತಿತ್ತು. ಅವನ ಮುಖ ಕಾಣದಿದ್ದರಿಂದಲೇ ಇರಬೇಕು, ಮಾತು ಬಂತು.

"ನಾನು ಫೋನ್ ಮಾಡ್ಲೇ ಇಲ್ಲ, ಕ್ಲಿಫರ್ಡ್. ಆವತ್ತು. ನಾಲ್ಕೂವರೆ ತನಕ ಒಂದು ಸಲಾನೂ ಮಾಡ್ಲಿಲ್ಲ."

ಅವನು ಒಂದು ಕೈ ಬಿಟ್ಟು ನನ್ನ ಬೆನ್ನ ಮೇಲಿನ ಮುಳ್ಳಿನಿಂದ ಬಟ್ಟೆಯನ್ನು ಬಿಡಿಸಿದ.

"ಅಲ್ಲಾಡಬೇಡ, ಹರಿದುಹೋಗುತ್ತೆ," ಎಂದ. ಆಮೇಲೆ, "ಗೊತ್ತು," ಎಂದ.

ನಾನು ಆಚೆ ಬಂದು ನೆಟ್ಟಗೆ ನಿಂತೆ. ಅವನು ಇನ್ನೂ ತಂತಿ ಹಿಡಿದುಕೊಂಡೇ ಇದ್ದ.

"ನಾನು ಮನೆಗೆ ಹೋಗ್ಲೇ ಇಲ್ಲ, ಥೆಲ್ಮಾ. ಹೊರಗೆ ಕಾರಲ್ಲೇ ಇದ್ದೆ. ಅವಳ ಕಿಟಕಿ ಎದುರಿಗೇ. ಫೋನು ಕಣ್ಣ ಮುಂದೇನೇ ಇಟ್ಕೊಂಡಿದ್ದೆ. ಸಿಗ್ನಲ್ ಪೂರ್ತಿ ಇತ್ತು."

ಹನ್ನೆರಡರಿಂದ ನಾಲ್ಕೂವರೆಯವರೆಗೆ ಅವನು ಆ ಕಟ್ಟಡದಿಂದ ನಲವತ್ತು ಹೆಜ್ಜೆ ದೂರದಲ್ಲಿದ್ದ. ಹಾಗಾದರೆ ನಾನು ಫೋನ್ ಮಾಡಿದ ಮೇಲೆ ಬರಲು ಇಪ್ಪತ್ತೈದು ನಿಮಿಷ ಯಾಕೆ ಹಿಡಿಯಿತು ಎಂದು ಕೇಳಿದೆ. ಮನೆಯಿಂದ ಬರಲು ಅಷ್ಟೇ ಹೊತ್ತು ಬೇಕಲ್ಲ, ಅದಕ್ಕೆ ಎಂದ. ಕೂಡಲೇ ಓಡಿ ಬಂದಿದ್ದರೆ ಇಷ್ಟು ಹೊತ್ತೂ ಹೊರಗೇ ಇದ್ದನೆಂದು ನನಗೆ ತಿಳಿಯುತ್ತಿತ್ತು, ಎಷ್ಟೋ ಸಲ ಫೋನ್ ಮಾಡಿದೆ ಎಂದು ಆಗಷ್ಟೇ ಹೇಳಿದ್ದ ನನಗೆ ಮುಖ ಎತ್ತುವುದು ಕಷ್ಟವಾಗುತ್ತಿತ್ತು. ಅದಕ್ಕೆ ಸತ್ತ ಹೆಂಡತಿಯನ್ನು ಒಳಗೆ ಇಟ್ಟುಕೊಂಡು ಆ ಮನುಷ್ಯ ಇಪ್ಪತ್ತೈದು ನಿಮಿಷ ಗಡಿಯಾರ ನೋಡುತ್ತಾ ಕೂತಿದ್ದ. ನನಗೆ ಮುಜುಗರವಾಗದಿರಲಿ ಎಂದು.

"ಮತ್ತೆ ಒಳಗೆ ಬರಬಾರದಿತ್ತಾ?" ಎಂದೆ. ನನ್ನ ದನಿ ಚೀರಿದಂತೆ ಬಂತು. "ನಿನ್ನ ಹೆಂಡತಿ ಅಲ್ವಾ ಅವಳು? ನನ್ನ ಅಪ್ಪಣೆ ಯಾಕೆ ಬೇಕಿತ್ತು ನಿಂಗೆ?"

"ಏನಾದ್ರೂ ಇದ್ರೆ ಕರೀತೀನಿ ಅಂದಿದ್ಯಲ್ಲ. ಕರೀಲಿಲ್ಲ." ಅವನು ತಂತಿ ಬಿಟ್ಟ, ಅದು ಝಲ್ಲೆಂದಿತು. "ಅವಳೇ ಬೇಡ ಅಂದಿರ್ತಾಳೆ ಅಂದ್ಕೊಂಡೆ. ಹಿಂದಿನ ದಿನ ದಿಂಬು ಸರಿ ಮಾಡೋಕೆ ಹೋದ್ರೆ, ಸಾಕು ಹೋಗು ಅಂದಿದ್ಲು ನಂಗೆ. ಕೊನೇಲಿ ಅವಳಿಗೆ ನೀನೇ ಸಾಕಾಗಿತ್ತು, ನೀನು ಅವಳ ಮಾತು ಉಳಿಸ್ತಿದ್ದೀಯ ಅಂದ್ಕೊಂಡೆ. ಅದನ್ನ ಜನರಿಗೆ ಹೇಗೆ ಹೇಳೋದು? ಸಿಗ್ನಲ್ ಮೇಲೆ ಹಾಕಿದೆ."

ಹನ್ನೊಂದು ತಿಂಗಳು ಅವನು ಅದನ್ನೇ ನಂಬಿ ಬದುಕಿದ್ದ. ಹೆಂಡತಿ ತನ್ನನ್ನು ಬೇಡವೆಂದು ಸತ್ತಳು ಎಂದು. ಬೆಂಚಿನ ಮೇಲೆ ಆ ಕಾಗದ ಕೊಟ್ಟದ್ದೂ ಕಾಗುಣಿತಕ್ಕಲ್ಲ. ಓದಿದ ಮೇಲಾದರೂ ನಾನು ನಿಜ ಹೇಳುತ್ತೇನೇನೋ, ಅವಳು ಏನಂದಳೆಂದು ತಿಳಿಯುತ್ತದೇನೋ ಎಂದು. ಅವನಿಗೆ ಬಾಯಿಬಿಟ್ಟು ಕೇಳಲು ಬಂದದ್ದು ಅಷ್ಟೇ. ನಾನು ಅಲ್ಪವಿರಾಮ ಹಾಕಿ ಕೊಟ್ಟಿದ್ದೆ.

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಹೇಳಿದರೆ ಅವನು ಹೇಗೆ ತಡೆದುಕೊಳ್ಳುತ್ತಾನೆ ಎಂಬುದೂ ಗೊತ್ತಿರಲಿಲ್ಲ.

"ಅವಳು ಬೇಡ ಅನ್ನಲಿಲ್ಲ," ಎಂದೆ. "ಕೇಳಿದ್ಲು. ಮೂರು ಸಲ ಕೇಳಿದ್ಲು ನಿನ್ನ. ಬರ್ತಾ ಇದ್ದಾನೆ ಅಂತ ನಾನೇ ಹೇಳ್ತಾ ಹೋದೆ. ನಂಗೆ ಅವಳು ಒಬ್ಬಳೇ ಬೇಕಿತ್ತು, ಕ್ಲಿಫರ್ಡ್. ಬೇರೆ ಏನೂ ಕಾರಣ ಇಲ್ಲ."

ಅವನು ನನ್ನನ್ನು ಹೊಡೆಯಲಿ ಎನ್ನಿಸಿತು, ಬೈಯಲಿ ಎನ್ನಿಸಿತು. ಅವನು ಚೀಲದ ಪಟ್ಟಿ ಸರಿಮಾಡಿಕೊಂಡು ಹೊಲದ ಅಂಚಿನಲ್ಲಿ ನಡೆಯತೊಡಗಿದ. ನಾನು ಹಿಂದೆ ಹೋದೆ. ಇನ್ನೂ ಐದು ಮೈಲಿ ಉಳಿದಿತ್ತು. ಅವನ ಕಾರಿನ ಕೀಲಿ ಅವನ ಜೇಬಿನಲ್ಲಿ, ನನ್ನದು ನನ್ನ ಜೇಬಿನಲ್ಲಿ, ನನ್ನ ಕಾರು ಹನ್ನೆರಡು ಮೈಲಿ ಹಿಂದೆ.

ಕೆಂಪ್ಸಿಯ ಚರ್ಚು ಮಂಜಿನಲ್ಲಿ ಬಂದು ಹೋಯಿತು. ಒಬ್ಬ ಮುದುಕ ಮೀನು ಹಿಡಿಯುತ್ತಾ ಕೂತಿದ್ದ. ಕ್ಲಿಫರ್ಡ್ ಅವನಿಗೆ ಗುಡ್ ಆಫ್ಟರ್‌ನೂನ್ ಎಂದ, ಎಂದಿನ ದನಿಯಲ್ಲೇ. ಅಲ್ಲಿಂದ ಸುಮಾರು ಅರ್ಧ ಮೈಲಿ ಆದ ಮೇಲೆ, ತಿರುಗಿ ನೋಡದೆ ಕೇಳಿದ.

"ಮೊದಲನೇ ಸಲ ಎಷ್ಟು ಹೊತ್ತಿಗೆ?"

ಮೂವತ್ತೈದು ವರ್ಷದಲ್ಲಿ, ಮನಸ್ಸಿನಲ್ಲಿದ್ದದ್ದನ್ನು ಅವನು ನನ್ನನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು. ಒಂದೂವರೆಗೆ ಎಂದೆ. ಅವನು ಸ್ವಲ್ಪ ದೂರ ನಡೆದ. ಒಂದೂವರೆಗೆ ಕಾರಿನಲ್ಲಿ ಬಿಸ್ಕತ್ತು ತಿನ್ನುತ್ತಿದ್ದೆ ಎಂದ. ಪ್ಯಾಕೆಟ್ಟಿನಲ್ಲಿ ಉಳಿದಿದ್ದನ್ನೆಲ್ಲ ತಿಂದೆ, ಹಸಿವಾಗಿತ್ತು ಎಂದ. ಅವಳು ಹೇಗೆ ಕೇಳಿದಳು, ಪೂರ್ತಿ ಎಚ್ಚರದಲ್ಲಿದ್ದಳಾ, ಹೆಸರು ಹಿಡಿದು ಕೇಳಿದಳಾ ಎಂದು ವಿಚಾರಿಸಿದ. ಎಚ್ಚರವಿತ್ತು, ಹೆಸರು ಹಿಡಿದೇ ಕೇಳಿದಳು ಎಂದೆ. ಎಲ್ಲದಕ್ಕೂ ನಿಜವನ್ನೇ ಹೇಳಿದೆ. ಸುಳ್ಳು ಹೇಳಿ ಅವನ ನೋವು ಕಡಿಮೆ ಮಾಡುವ ಹಕ್ಕನ್ನೂ ನಾನು ಕಳೆದುಕೊಂಡಿದ್ದೆ.

ಮತ್ತೆ ಒಂದು ಮೈಲಿ ನಡೆದೆವು. ಅವನ ಬಲ ಮಂಡಿ ನೋಯುತ್ತಿತ್ತು, ಕಾಲು ಎಳೆದು ಹಾಕುತ್ತಿದ್ದ. ನಿಲ್ಲೋಣವೇ ಎಂದು ಕೇಳಿದರೆ ಬೇಡವೆಂದು ತಲೆ ಅಲ್ಲಾಡಿಸಿದ.

"ಎರಡನೇ ಸಲ?"

"ಮೂರಕ್ಕೆ."

ಮೂರಕ್ಕೆ ನೀನು ಕಿಟಕಿಯ ಪರದೆ ಎಳೆದೆ ಎಂದ. ಹೌದು, ಇಳಿಬಿಸಿಲು ಅವಳ ಕಣ್ಣಿಗೆ ಹೊಡೆಯುತ್ತಿತ್ತು, ಎಳೆ ಎಂದು ಅವಳೇ ಹೇಳಿದಳು. ನಾನು ಹೊರಗೆ ನೋಡಲಿಲ್ಲ. ನೋಡಿದ್ದರೆ ಅವನ ಕಾರು ಕಾಣುತ್ತಿತ್ತು. ಅವನು ಆಗ ರೇಡಿಯೋದಲ್ಲಿ ರಗ್ಬಿ ಹಾಕಿಕೊಂಡಿದ್ದನಂತೆ. ಪರದೆ ಮುಚ್ಚಿದ್ದು ಕಂಡು, ತಾನು ಅಲ್ಲಿ ಕೂತು ಆಟ ಕೇಳುವುದು ಒಳಗಿನವರಿಗೆ ಗೊತ್ತಾಯಿತೇನೋ ಎಂದು ನಾಚಿಕೆಯಾಗಿ ಆರಿಸಿಬಿಟ್ಟನಂತೆ.

ಮೂರನೆಯ ಸಲದ ಬಗ್ಗೆ ಅವನು ಕೇಳಲಿಲ್ಲ. ನಾನಾಗಿ ಹೇಳಲಿಲ್ಲ. ಡಿಗ್ಲಿಸ್ ಕಟ್ಟೆಯ ಮೇಲಿಂದ ನೀರು ಧುಮುಕುವ ಸದ್ದು ಕೇಳತೊಡಗಿತು, ಆಮೇಲೆ ದೊಡ್ಡ ಚರ್ಚಿನ ಗೋಪುರ, ಆಮೇಲೆ ಬೀದಿದೀಪಗಳು. ಐದು ಗಂಟೆಗೆ ವೂಸ್ಟರ್ ಮುಟ್ಟಿದೆವು. ಹದಿನೇಳು ಮೈಲಿ ಆಯಿತೆಂದು ಇಬ್ಬರೂ ಹೇಳಲಿಲ್ಲ. ಅವನು ಕಾರಿನ ಗಾಜಿನ ಮೇಲಿನ ಐಸ್ ಕೆರೆದ. ನಾನು ಸಹಾಯ ಮಾಡಲು ಹೋದೆ, ಬೇಡ ಎಂದು ಕೈಸನ್ನೆ ಮಾಡಿದ. ನಾನು ಕೂರುವ ಸೀಟಿನ ಮೇಲಿದ್ದ ಸಾಮಾನು ಎತ್ತಿ ಹಿಂದಕ್ಕೆ ಇಟ್ಟ. ಹೀಟರ್ ಹಾಕಿದ. ಗಾಳಿ ನನ್ನ ಕಾಲಿನ ಕಡೆ ಬರುವಂತೆ ತಿರುಗಿಸಿದ. ಆ ಉಪಚಾರ ನೋಡಿ ನನಗೆ ಅಳು ಬಂತು, ಅಳಲು ನನಗೇನು ಹಕ್ಕು ಎಂದು ಹಲ್ಲು ಕಚ್ಚಿಕೊಂಡೆ.

ದಾರಿಯಲ್ಲಿ ಒಂದು ಮಾತು ಆಡಿದೆ. ಪುಸ್ತಿಕೆಗೆ ನಿಜ ಬರೆಯೋಣ, ನನ್ನ ಹೆಸರು ಹಾಕಿಯೇ ಬರೆಯೋಣ, ನಾನೇ ಬರೆದುಕೊಡುತ್ತೇನೆ ಎಂದೆ. ಅವರಿಗೆ ಏನೂ ಕಳಿಸುವುದಿಲ್ಲ ಎಂದ. ಮೇ ತಿಂಗಳ ನಡಿಗೆಗೂ ಬರುವುದಿಲ್ಲ ಎಂದ. ಅವಳಿಗೆ ಬೇಡವಾದವನು ಅವಳಿಗಾಗಿ ಏನಾದರೂ ಮಾಡಿದರೆ ಸ್ವಲ್ಪ ಸರಿಹೋಗಬಹುದು ಎಂದು ನಡೆಯುತ್ತಿದ್ದನಂತೆ. ಈಗ ಯಾತಕ್ಕೆ ನಡೆಯಲಿ ಎಂದು ಕೇಳಿದ.

ಟ್ಯೂಕ್ಸ್‌ಬರಿಯಲ್ಲಿ ನನ್ನ ಕಾರಿನ ಪಕ್ಕ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟುಕೊಂಡು ಮುಂದೆ ನೋಡುತ್ತಾ ಕೂತ. ಇಳಿಯಲೋ ಬೇಡವೋ ಎಂದು ನಾನೂ ಕೂತೆ.

"ಮೂರನೇ ಸಲ?" ಎಂದ.

"ನಾಲ್ಕಕ್ಕೆ. ಒಂದೆರಡು ನಿಮಿಷ ಆಚೆ ಈಚೆ. ನರ್ಸ್ ಆಗಷ್ಟೆ ಹೊರಗೆ ಹೋಗಿದ್ಲು."

ಅವನು ಹೌದೆಂಬಂತೆ ತಲೆಯಾಡಿಸಿದ, ಇದು ಅವನಿಗೆ ಮೊದಲೇ ಗೊತ್ತಿದ್ದ ಹಾಗೆ.

"ನರ್ಸ್ ಹೋಗಿದ್ದನ್ನ ನೋಡ್ದೆ," ಎಂದ. "ಆಗ ನಾನು ಒಳಗೆ ಬಂದಿದ್ದೆ, ಥೆಲ್ಮಾ. ಕೋಣೆ ಬಾಗಿಲ ತನಕ. ತಟ್ಟೋಕೆ ಕೈ ಎತ್ತಿದ್ದೆ. ನಿನ್ನ ದನಿ ಕೇಳಿಸ್ತು. ಏನಂತ ತಿಳೀಲಿಲ್ಲ, ಮೆಲ್ಲಗೆ ಏನೋ ಹೇಳ್ತಿದ್ದೆ ಅವಳಿಗೆ. ಅಕ್ಕ ತಂಗಿ ಮಾತಾಡ್ಕೊಳ್ತಿದ್ದಾರೆ, ಮಧ್ಯೆ ಹೋಗೋದು ಬೇಡ ಅಂತ ವಾಪಸ್ ಹೋದೆ."

ನಾನು ಸುಮ್ಮನಿರಬಹುದಿತ್ತು. ಆದರೆ ಅವನು ಕೇಳುತ್ತಿದ್ದ. ಅವನ ರೀತಿಯಲ್ಲಿ ಕೇಳುತ್ತಿದ್ದ, ಮತ್ತು ಈ ಸಲ ನನಗೆ ಅದು ತಿಳಿಯಿತು.

"ಬರ್ತಾ ಇದ್ದಾನೆ ಅಂತ ಹೇಳ್ತಿದ್ದೆ," ಎಂದೆ.

ಅವನು ನನ್ನನ್ನು ಮುಟ್ಟದ ಹಾಗೆ ನನ್ನ ಮುಂದಿನಿಂದ ಕೈ ಚಾಚಿ, ನನ್ನ ಕಡೆಯ ಬಾಗಿಲು ತೆರೆದ. ನಾನು ಇಳಿದೆ.